ಇಪ್ಪತ್ತು ಆರೋಗ್ಯವಂತ ಹೆಂಗಸರು

ನಾನು ರಕ್ತ ಎಳೆಯುವವಳು. ಇಪ್ಪತ್ತೊಂದು ವರ್ಷದಿಂದ ಅದೇ ಕೆಲಸ. ಎಂಥ ಅಡಗಿಕೊಂಡ ನರವನ್ನಾದರೂ ಒಂದೇ ಚುಚ್ಚಿಗೆ ಹಿಡಿಯುತ್ತೇನೆ ಎಂಬ ಹೆಸರಿದೆ. ಬಾಯಲ್ಲೂ ಅಷ್ಟೇ ಚೆನ್ನಾಗಿ ಚುಚ್ಚುತ್ತೇನೆ ಎಂಬ ಹೆಸರೂ ಇದೆ. ಎರಡಕ್ಕೂ ನಾನು ತಕರಾರು ಎತ್ತಿದವಳಲ್ಲ. ಲ್ಯಾಬಿನಲ್ಲಿ ಎಲ್ಲರಿಗೂ ನಾನು ಸೂಜಕ್ಕ.

ಲ್ಯಾಬು ಇರುವುದು ಕನ್ನಡಕದ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ. ಮೂರೇ ಕೋಣೆ. ಮೊದಲನೆಯದರಲ್ಲಿ ಕೌಂಟರು, ಏಳು ಪ್ಲಾಸ್ಟಿಕ್ ಕುರ್ಚಿ, ಮತ್ತು ದಿನವಿಡೀ ‘ನೆಕ್ಸ್ಟ್’ ಎಂದು ಕೂಗುವ ಒಬ್ಬ ಹೆಂಗಸು. ಕೂಗಿ ಕೂಗಿ ಅವಳಿಗೆ ಅದೇ ಹೆಸರಾಗಿ ನಿಂತಿದೆ. ಎರಡನೆಯದರಲ್ಲಿ ನಾನು, ನನ್ನ ಸೂಜಿ, ಯಂತ್ರಗಳು, ಎರಡು ಫ್ರಿಜ್ಜು. ಮೂರನೆಯದರಲ್ಲಿ ದೊಡ್ಡ ಡಾಕ್ಟರು. ಚಿಕ್ಕ ಡಾಕ್ಟರು ಎಂಬುವರು ನಮ್ಮಲ್ಲಿ ಯಾರೂ ಇಲ್ಲ, ಆದರೂ ಅವರು ದೊಡ್ಡ ಡಾಕ್ಟರೇ. ಲ್ಯಾಬಿನ ಯಜಮಾನರು ಅವರು, ಪ್ರತಿ ರಿಪೋರ್ಟಿನ ಕೆಳಗೆ ಸಹಿ ಹಾಕುವವರೂ ಅವರು.

ಆ ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ನನ್ನ ತಂಗಿ ಬಂದು ಕೂತಿದ್ದಳು. ನಾವಿಬ್ಬರೂ ಇರುವುದು ಒಂದೇ ಮನೆಯಲ್ಲಿ. ಹೇಳಬೇಕಾದ್ದನ್ನು ಅಲ್ಲೇ ಹೇಳಬಹುದಿತ್ತು. ಆದರೆ ಅವಳು ಬೇರೆಯವರ ಹಾಗೆ ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕಾದು, ನೆಕ್ಸ್ಟ್ ಕೂಗಿದ ಮೇಲೆ ಎದ್ದು ಒಳಗೆ ಬಂದು ತೋಳು ಚಾಚಿದಳು.

“ಮತ್ತೆ ಶುರುವಾಯ್ತಾ ನಿಂದು?” ಎಂದೆ.

“ಇದೇ ಕೊನೆ ಅಕ್ಕ. ಇದೂ ಸರಿ ಇದೆ ಅಂತ ಬಂದ್ರೆ ನಾನಿನ್ನು ಕೇಳಲ್ಲ. ನನ್ನದೇ ತಪ್ಪು ಅಂತ ಒಪ್ಕೊಂಡು ಸುಮ್ನಿದ್ದುಬಿಡ್ತೀನಿ.”

“ಬರದೆ ಇನ್ನೇನು? ಎರಡು ಸಲ ಬಂದಿದೆ.”

“ಅದಕ್ಕೇ ಹೇಳ್ತಿದೀನಿ, ಮೂರನೇದು ಬಂದ್ರೆ ಮುಗೀತು ಅಂತ.”

ಅವಳಿಗೆ ಇಪ್ಪತ್ತೊಂಬತ್ತು. ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ ಮುಟ್ಟಾಗುತ್ತಾಳೆ, ಆದರೆ ಹತ್ತು ದಿನ ಏಳುವುದಿಲ್ಲ. ಗಲ್ಲದಲ್ಲಿ ಕೂದಲು. ತಲೆಯಲ್ಲಿ ಇರಬೇಕಾದ ಕೂದಲು ಬಾಚಣಿಗೆಯಲ್ಲಿ. ಕತ್ತಿನ ಹಿಂದೆ ಎಷ್ಟು ಉಜ್ಜಿದರೂ ಹೋಗದ ಕಪ್ಪು ಪಟ್ಟಿ. ತಿನ್ನುವುದು ಗುಬ್ಬಿಯಷ್ಟು, ಹೊಟ್ಟೆ ಮಾತ್ರ ಮುಂದೆ. ಮಧ್ಯಾಹ್ನ ಎರಡು ಗಂಟೆಗೆ ಕೂತಲ್ಲೇ ಕಣ್ಣು ಮುಚ್ಚಿಹೋಗುತ್ತದೆ, ಮೈ ಕೈ ನೋವು ಎನ್ನುತ್ತಾಳೆ. ಈ ಒಂದೊಂದಕ್ಕೂ ನನ್ನ ಹತ್ತಿರ ಇದ್ದ ಉತ್ತರ ಒಂದೇ ಪದದ್ದು: ಮೈಗಳ್ಳಿ. ಅಮ್ಮ ಹೋದ ಮೇಲೆ ಅವಳನ್ನು ನೋಡಿಕೊಂಡವಳು ನಾನು, ಬೈಯುವ ಹಕ್ಕೂ ನನ್ನದೇ ಎಂದುಕೊಂಡಿದ್ದೆ. “ನಾನೂ ಅದೇ ಹೊಟ್ಟೇಲಿ ಹುಟ್ಟಿದವಳು. ದಿನಾ ಎಂಟು ಗಂಟೆ ನಿಂತ್ಕೊಂಡು ಕೆಲಸ ಮಾಡ್ತೀನಿ. ಒಂದಿನ ಉಸ್ಸಪ್ಪಾ ಅಂದಿದೀನಾ?” ಇದು ನಾನು ವಾರಕ್ಕೆರಡು ಸಲ ಓದುತ್ತಿದ್ದ ಪಾಠ.

ಹೆಂಗಸರ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಅವಳು ಹಿಂದೆ ಕೇಳಿದ್ದುಂಟು. ಬೇಡ ಎಂದವಳೂ ನಾನೇ. ಅವರು ಬರೆದುಕೊಡುವುದೂ ಇದೇ ಪರೀಕ್ಷೆಗಳನ್ನೇ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಯಾಕೆ ಅಲೆಯಬೇಕು? ಎರಡು ಸಲ ರಕ್ತ ಎಳೆದೆ. ಎರಡು ಸಲವೂ ಎಲ್ಲ ಮಿತಿಯೊಳಗೆ ಬಂತು. ಎರಡನೆಯ ರಿಪೋರ್ಟನ್ನು ಮನೆಯ ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತ ಹಾಕಿ ಅಂಟಿಸಿದ್ದೆ. ತಮಾಷೆಗೆ ಎಂದುಕೊಂಡು ಅಂಟಿಸಿದ್ದು. ಎರಡು ವರ್ಷದಿಂದ ಅದು ಅಲ್ಲೇ ಇತ್ತು.

ಮೂರನೆಯ ಸಲವೂ ಎಳೆದೆ. ಅವಳು ಹತ್ತಿ ಒತ್ತಿಕೊಂಡು, ಕೆಲಸಕ್ಕೆ ಹೊತ್ತಾಯಿತು ಎಂದು ಹೊರಟುಹೋದಳು. ಅವಳಿಗೆ ಎರಡು ರಸ್ತೆ ಆಚೆಯ ಫೋಟೊ ಸ್ಟುಡಿಯೋದಲ್ಲಿ ಕೆಲಸ. ತೆಗೆದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಾಳೆ.

ಅದೇ ದಿನ ಹತ್ತೂವರೆಗೆ ಹಾರ್ಮೋನು ಅಳೆಯುವ ಯಂತ್ರ ಕೆಟ್ಟಿತು. ಒಳಗಿನ ತೋಳು ಅರ್ಧಕ್ಕೆ ನಿಂತು, ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ರಿಪೇರಿಯವನು ಶುಕ್ರವಾರ ಬರುತ್ತೇನೆ ಎಂದ. ಕಾಯಿಸುವ ಹಾಗಿರಲಿಲ್ಲ, ಆದ್ದರಿಂದ ಹನ್ನೊಂದು ಹೆಂಗಸರ ರಕ್ತದ ತಿಳಿಯನ್ನು ಐಸ್ ಡಬ್ಬಿಯಲ್ಲಿಟ್ಟು ಊರಾಚೆಯ ದೊಡ್ಡ ಲ್ಯಾಬಿಗೆ ಕಳಿಸಿದೆವು. ಹನ್ನೊಂದರಲ್ಲಿ ನಾಲ್ಕನೆಯದು ತಂಗಿಯದು. ಪ್ರತಿಯೊಬ್ಬರದ್ದರಲ್ಲೂ ಒಂದಿಷ್ಟು ತಿಳಿಯನ್ನು ನಮ್ಮ ಫ್ರಿಜ್ಜಿನಲ್ಲಿ ಉಳಿಸಿಕೊಂಡೆ. ಅದು ನನ್ನ ಅಭ್ಯಾಸ.

ಅವಳು ಸಂಜೆ ಒಂದೇ ಸಲ ಕೇಳಿದಳು: “ಬಂತಾ?” ಯಂತ್ರ ಕೆಟ್ಟಿದೆ ಎಂದೆ. ಸರಿ ಎಂದು ಪಾತ್ರೆ ತೊಳೆಯಲು ಹೋದಳು.

ಗುರುವಾರ ಆ ಲ್ಯಾಬಿನಿಂದ ಕಾಗದಗಳು ಬಂದವು. ಹನ್ನೊಂದರಲ್ಲಿ ಐದರ ಮೇಲೆ ಚುಕ್ಕಿ. ನಮ್ಮ ಕಸುಬಿನಲ್ಲಿ ಚುಕ್ಕಿ ಎಂದರೆ ಮಿತಿ ದಾಟಿದೆ ಎಂದು. ತಂಗಿಯದರಲ್ಲಿ ಎರಡು ಚುಕ್ಕಿ ಇದ್ದವು. ಒಂದು ಟೆಸ್ಟೋಸ್ಟೆರಾನಿಗೆ. ಅದು ಗಂಡಸರ ಹಾರ್ಮೋನು ಎಂದು ಹೆಸರು ಹೊತ್ತದ್ದು, ಹೆಂಗಸರಲ್ಲೂ ಚೂರು ಇರಬೇಕಾದದ್ದು. ಇನ್ನೊಂದು ಸಿಆರ್‌ಪಿಗೆ. ಮೈಯೊಳಗೆ ಎಲ್ಲಾದರೂ ಉರಿಯೂತ ಇದ್ದರೆ ಅದು ಏರುತ್ತದೆ. ಜೋರು ಜ್ವರ ಬಂದಾಗಲೋ ಹಲ್ಲು ಊದಿಕೊಂಡಾಗಲೋ ನೂರು ದಾಟುವುದೂ ಉಂಟು. ತಂಗಿಯದು ಆರು. ಜ್ವರವಿಲ್ಲ, ಗಾಯವಿಲ್ಲ, ಊತವಿಲ್ಲ. ಬೂದಿ ಮುಚ್ಚಿದ ಕೆಂಡದ ಥರ ಒಳಗೊಳಗೇ ಇರುವ ಉರಿ.

ಐದು ಕಾಗದಕ್ಕೆ ಚುಕ್ಕಿಯೇ! ನಮ್ಮಲ್ಲಿ ತಿಂಗಳಿಗೆ ಐದು ಬಂದರೆ ಹೆಚ್ಚು. ಆ ಲ್ಯಾಬಿನವರಿಗೆ ಕೆಲಸ ಬರುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿ ಫೋನ್ ಮಾಡಿ ಜಾಡಿಸಿದೆ. ಆ ಕಡೆಯ ಹುಡುಗಿ ಸಮಾಧಾನದವಳು. “ಮೇಡಂ, ನಿಮ್ಮ ಯಂತ್ರ ಸರಿಹೋದ ಮೇಲೆ ನೀವೇ ಒಂದ್ಸಲ ಹಾಕಿ ನೋಡಿ. ಆಮೇಲೂ ಬೈಬೇಕು ಅನ್ನಿಸಿದ್ರೆ ಫೋನ್ ಮಾಡಿ, ನಾನು ಆರು ಗಂಟೆವರೆಗೂ ಇರ್ತೀನಿ,” ಎಂದಳು.

ಬೈದು ಮುಗಿದ ಮೇಲೆ ಕೆಲಸ. ಅವರ ಸಂಖ್ಯೆಗಳನ್ನು ನಮ್ಮ ಕಂಪ್ಯೂಟರಿಗೆ ಹೊಡೆದು ನಮ್ಮ ಕಾಗದದ ಮೇಲೆ ತೆಗೆಯತೊಡಗಿದೆ. ಸಂಖ್ಯೆ ಹಾಕುವುದಷ್ಟೇ ನಮ್ಮ ಕೆಲಸ. ಪಕ್ಕದಲ್ಲಿ ಮಿತಿ ಎಷ್ಟು, ಚುಕ್ಕಿ ಬೇಕೋ ಬೇಡವೋ ಎಂಬುದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ತಂಗಿಯ ಟೆಸ್ಟೋಸ್ಟೆರಾನು ಎಪ್ಪತ್ತೆರಡು, ಅದನ್ನು ಹೊಡೆದೆ. ಕಾಗದ ಹೊರಗೆ ಬಂತು. ಚುಕ್ಕಿ ಇರಲಿಲ್ಲ.

ಶುಕ್ರವಾರ ರಿಪೇರಿಯವನು ಬಂದು ಯಂತ್ರವನ್ನು ಸರಿಮಾಡಿ ಹೋದ. ಉಳಿಸಿಕೊಂಡಿದ್ದ ತಂಗಿಯ ತಿಳಿಯನ್ನು ನಾನೇ ಹಾಕಿದೆ. ಎಪ್ಪತ್ತೊಂದು ಬಂತು. ಅವರದು ಎಪ್ಪತ್ತೆರಡು, ನಮ್ಮದು ಎಪ್ಪತ್ತೊಂದು. ಅಂದರೆ ಯಂತ್ರಗಳಲ್ಲಿ ಜಗಳವೇ ಇಲ್ಲ. ಎರಡು ಕಾಗದಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಅವರ ಪ್ರಕಾರ ಹೆಂಗಸಿಗೆ ಐವತ್ತು ಮೇಲಿನ ಮಿತಿ. ನಮ್ಮ ಪ್ರಕಾರ ಎಂಬತ್ತೈದು. ಸಿಆರ್‌ಪಿಗೆ ಅವರದು ಮೂರು, ನಮ್ಮದು ಏಳು. ಒಬ್ಬಳದೇ ರಕ್ತ, ಒಂದೇ ಸಂಖ್ಯೆ. ಅಲ್ಲಿ ಅವಳು ರೋಗಿ, ಇಲ್ಲಿ ಮೈಗಳ್ಳಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅಷ್ಟು ಹೊತ್ತು ಹಾಗೇ ಮಾಡಿದ್ದೆ.

ನಮ್ಮ ಎಂಬತ್ತೈದು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕಪಾಟಿನ ಕೆಳಗಿನ ಖಾನೆಯಿಂದ ಕಡತ ತೆಗೆದು ಧೂಳು ಒರೆಸಿ ಓದಿದೆ.

ಏಳು ವರ್ಷದ ಹಿಂದೆ ಆ ಯಂತ್ರ ಹೊಸದಾಗಿ ಬಂದಾಗ, ಜೊತೆಗೆ ಒಂದು ಕಾಗದವೂ ಬಂದಿತ್ತು. ಆರೋಗ್ಯವಂತ ಹೆಂಗಸಿನಲ್ಲಿ ಇದು ಇಷ್ಟಿರಬೇಕು, ಅದು ಅಷ್ಟಿರಬೇಕು ಎಂದು. ಆದರೆ ಅದು ಇನ್ನೆಲ್ಲಿಯೋ ಯಾರನ್ನೋ ಅಳೆದು ಬರೆದದ್ದು. ಅದು ನಿಮ್ಮ ಜನಕ್ಕೆ ಹೊಂದುತ್ತದೆಯೇ ಎಂದು ನೋಡಬೇಕಾದರೆ, ಆರೋಗ್ಯವಾಗಿರುವ ಇಪ್ಪತ್ತು ಹೆಂಗಸರ ರಕ್ತ ಹಾಕಿ ಪರೀಕ್ಷಿಸಬೇಕು. ಇಬ್ಬರವರೆಗೆ ಮಿತಿಯ ಹೊರಗೆ ಬಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಬೇರೆ ಇಪ್ಪತ್ತು ಜನರನ್ನು ಹಿಡಿಯಬೇಕು. ಇದು ಪದ್ಧತಿ.

ರೋಗಿಗಳು ತಾವಾಗಿ ಮೆಟ್ಟಿಲು ಹತ್ತಿ ಬರುತ್ತಾರೆ. ಆರೋಗ್ಯವಂತರನ್ನು ಎಲ್ಲಿಂದ ತರುವುದು? ನಾನು ನನ್ನ ತೋಳಿನಿಂದಲೇ ಶುರುಮಾಡಿದೆ. ನೆಕ್ಸ್ಟ್, ಅವಳ ನಾದಿನಿ, ಕನ್ನಡಕದ ಅಂಗಡಿಯ ಇಬ್ಬರು, ಮೆಟ್ಟಿಲು ಗುಡಿಸುವವಳು. ಆಮೇಲೆ ನನ್ನ ತಂಗಿ. ಆಮೇಲೆ ಚಿಕ್ಕಮ್ಮನ ಇಬ್ಬರು ಹೆಣ್ಣುಮಕ್ಕಳು. ಅವರನ್ನು ಚಿಕ್ಕಮ್ಮನೇ ಎಳೆದುಕೊಂಡು ಬಂದಿದ್ದಳು. “ತಗೋಳೆ, ಇಬ್ರೂ ಕಲ್ಲುಗುಂಡು. ಬೇಕಾದಷ್ಟು ರಕ್ತ ಎಳ್ಕೋ,” ಎಂದಿದ್ದಳು.

ಪ್ರತಿಯೊಬ್ಬರಿಗೂ ಒಂದು ಹಾಳೆ ತುಂಬಿಸಿದ್ದೆ. ಸಕ್ಕರೆ ಕಾಯಿಲೆ ಇದೆಯೇ, ಮಾತ್ರೆ ತಿನ್ನುತ್ತೀರಾ, ಹೀಗೆ. ಐದನೆಯ ಪ್ರಶ್ನೆ: ಮುಟ್ಟು ಕ್ರಮವಾಗಿ ಆಗುತ್ತದೆಯೇ?

ತಂಗಿ ಆಗ ಪೆನ್ನು ಹಿಡಿದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ನಂಗೆ ಮೂರು ತಿಂಗಳಿಗೊಂದ್ಸಲ ಅಲ್ವಾ? ಹೌದು ಅಂತ ಹಾಕ್ಲಾ, ಇಲ್ಲ ಅಂತ ಹಾಕ್ಲಾ?”

“ನಮ್ಮನೇಲಿ ಎಲ್ರಿಗೂ ಅದೇ ಕ್ರಮ. ಹೌದು ಅಂತ ಹಾಕು.”

ಅಮ್ಮನಿಗೂ ಹಾಗೇ ಇತ್ತಂತೆ. ನನಗೂ ಹಾಗೇ. ಚಿಕ್ಕಮ್ಮನ ಮನೆಯಲ್ಲೂ ಹಾಗೇ. ಮನೆಯಲ್ಲಿ ಎಲ್ಲರಿಗೂ ಇರುವುದನ್ನು ಯಾರೂ ರೋಗ ಎನ್ನುವುದಿಲ್ಲ. ಗಲ್ಲದ ಕೂದಲಂತೂ ನಮ್ಮಲ್ಲಿ ಹಾಸ್ಯದ ವಸ್ತು. ಮದುವೆಯಾದ ಹೊಸದರಲ್ಲಿ ಚಿಕ್ಕಪ್ಪ ತನ್ನ ಬ್ಲೇಡು ಕಾಣಿಸುತ್ತಿಲ್ಲ ಎಂದು ಮನೆಯೆಲ್ಲ ಹುಡುಕುತ್ತಿದ್ದರೆ ಚಿಕ್ಕಮ್ಮ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದಳಂತೆ. ಈ ಕತೆಯನ್ನು ಹೇಳಿ ಹೇಳಿ ಅವಳೇ ಬಿದ್ದು ಬಿದ್ದು ನಗುತ್ತಾಳೆ. ನಮ್ಮ ಮನೆಯ ಬಚ್ಚಲ ಕನ್ನಡಿಯ ಹಿಂದೆ ಕೂದಲು ಕೀಳುವ ಎರಡು ಪ್ಲಕರ್ ಇವೆ, ಕೆಂಪು ಹಿಡಿಯದು ತಂಗಿಯದು, ಹಸಿರು ನನ್ನದು.

ಇಪ್ಪತ್ತರಲ್ಲಿ ನಾಲ್ಕು ಜನ ಹೊರಗೆ ಬಿದ್ದರು. ದೊಡ್ಡ ಡಾಕ್ಟರು ಪದ್ಧತಿಯ ಮನುಷ್ಯ. “ಬೇರೆ ಇಪ್ಪತ್ತು ಜನರನ್ನ ತಗೊಂಡು ಮತ್ತೆ ನೋಡು,” ಎಂದರು. ಸೋಮವಾರ ಯಂತ್ರ ಶುರುವಾಗಬೇಕಿತ್ತು. ಶನಿವಾರ ಮಧ್ಯಾಹ್ನ ಇನ್ನೂ ಇಪ್ಪತ್ತು ಆರೋಗ್ಯವಂತರನ್ನು ನಾನು ಹೆರಲೇ? ಅದೇ ಇಪ್ಪತ್ತು ಜನರನ್ನು ಕರೆದು ಮತ್ತೊಂದು ಸಲ ಎಳೆದೆ. ಅದೇ ಜನ, ಅದೇ ರಕ್ತ, ಅದೇ ನಾಲ್ಕು. ಡಾಕ್ಟರು ಎರಡು ಪಟ್ಟಿಗಳನ್ನೂ ನೋಡಿ, ಎರಡು ಸಲವೂ ಹೀಗೇ ಬಂತೆಂದರೆ ನಮ್ಮ ಕಡೆಯ ಹೆಂಗಸರಲ್ಲಿ ಟೆಸ್ಟೋಸ್ಟೆರಾನು, ಸಿಆರ್‌ಪಿ ಎರಡರ ಮಟ್ಟವೇ ಹೆಚ್ಚಿರಬೇಕು ಎಂದುಕೊಂಡು, ಆ ನಾಲ್ವರೂ ಒಳಗೆ ಬರುವ ಹಾಗೆ ಎರಡರ ಮಿತಿಯನ್ನೂ ಮೇಲಕ್ಕೆ ಸರಿಸಿದರು. ಯಾವ ಇಪ್ಪತ್ತು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಕಡತದಲ್ಲಿ ಆ ನಾಲ್ಕು ಹೆಸರು ನನ್ನದೇ ಕೈಬರಹದಲ್ಲಿದ್ದವು. ಒಂದನೆಯದು ನಾನು. ಏಳನೆಯದು ತಂಗಿ. ಎಂಟು, ಒಂಬತ್ತು ಚಿಕ್ಕಮ್ಮನ ಮಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ನಾನು ಗಲ್ಲ ಮುಟ್ಟಿ ನೋಡಿಕೊಂಡೆ. ಬೆಳಿಗ್ಗೆ ಕಿತ್ತದ್ದು ಸರಿಯಾಗಿ ಬಂದಿರಲಿಲ್ಲ.

ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳಂತೆ ಕಾಣುತ್ತವೆ ಎಂದು ಈ ತೊಂದರೆಗೆ ಪಿಸಿಒಎಸ್ ಎಂಬ ಹೆಸರು ಇಟ್ಟಿದ್ದಾರೆ. ಹೆಸರು ಅಂಡಾಶಯದ್ದಾದರೂ ಕಾಟ ಇಡೀ ಮೈಯದ್ದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದು ಅಂಡಾಶಯವನ್ನು ತಿವಿದು ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಹೊಟ್ಟೆಯ ಕೊಬ್ಬು ಉರಿಯೂತವನ್ನು ಹುಟ್ಟಿಸುತ್ತದೆ, ಉರಿಯೂತ ಮತ್ತೆ ಇನ್ಸುಲಿನ್ನಿಗೆ ಅಡ್ಡ ಬರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿದವರೇ ಇನ್ನೂ ಜಗಳವಾಡುತ್ತಿದ್ದಾರೆ. ಇದೆಲ್ಲ ನನಗೆ ಬಾಯಿಪಾಠ. ಕನ್ನಡಿಯ ಮುಂದೆ ದಿನಾ ಹಸಿರು ಪ್ಲಕರ್ ಹಿಡಿದು ನಿಂತಾಗ ಮಾತ್ರ ಒಮ್ಮೆಯೂ ನೆನಪಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಮನೆಯ ಫ್ರಿಜ್ಜಿನಿಂದ ಆ ಕಾಗದವನ್ನು ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟೆ. ಡಾಕ್ಟರ ಕೋಣೆಗೆ ಕಡತ ಹಿಡಿದು ಹೋಗಿ, ಆ ಲ್ಯಾಬಿನದು, ನಮ್ಮದು, ತಂಗಿಯ ಎರಡು ರಿಪೋರ್ಟುಗಳನ್ನೂ ಮುಂದಿಟ್ಟೆ. ಅವರು ಬಹಳ ಹೊತ್ತು ಓದಿದರು.

“ಈ ಎರಡನೇ ಇಪ್ಪತ್ತು ಯಾರು?”

“ಮೊದಲನೇ ಇಪ್ಪತ್ತೇ ಸರ್.”

ಅವರು ಕನ್ನಡಕ ತೆಗೆದರು. “ಬೇರೆಯವರನ್ನ ತಗೋ ಅಂದಿದ್ದೆ ನಾನು.”

“ಹೌದು ಸರ್.”

“ನೀನು ಹೇಳಲಿಲ್ಲ.”

“ನೀವು ಕೇಳಲಿಲ್ಲ.”

“ಆಹಾ! ತಪ್ಪನ್ನ ಇಬ್ಬರಿಗೂ ಸಮನಾಗಿ ಬಡಿಸಿಬಿಟ್ಟೆಯಲ್ಲ!” ಎಂದರು. ಆಮೇಲೆ ತಾವೇ, “ಬಡಿಸಿದ್ದು ಸರಿಯಾಗೇ ಇದೆ. ಅಷ್ಟೊಂದು ಒಂದೇ ಥರ ಬಂದಾಗ ನನಗೆ ಅನುಮಾನ ಬರಬೇಕಿತ್ತು,” ಎಂದರು.

ಹಿಂದಿನ ರಾತ್ರಿಯಿಡೀ ನಾನು ಅವರ ಬೈಗುಳಕ್ಕೆ ಸಿದ್ಧಳಾಗಿದ್ದೆ, ಇದಕ್ಕೆ ಸಿದ್ಧಳಾಗಿರಲಿಲ್ಲ. ಕಂಪ್ಯೂಟರಿನಿಂದ ತೆಗೆದಿದ್ದ ಪಟ್ಟಿಯನ್ನು ಕೊಟ್ಟೆ. ಏಳು ವರ್ಷದಲ್ಲಿ ಸರಿಯಾದ ಮಿತಿಗೂ ನಮ್ಮ ಮಿತಿಗೂ ನಡುವೆ ಬಿದ್ದ ಹೆಂಗಸರು, ಮುನ್ನೂರ ಎಂಬತ್ತಾರು ಜನ. ಅವರು ಹಾಳೆ ತಿರುಗಿಸಿದರು, ಮತ್ತೆ ತಿರುಗಿಸಿದರು.

“ಮಿತಿಯನ್ನ ಈಗಲೇ ಬದಲಾಯಿಸು. ಇವರ ವಿಷಯ...” ಎಂದು ನಿಲ್ಲಿಸಿದರು. “ಇದು ಹೊರಗೆ ಬಂದ್ರೆ ಲ್ಯಾಬಿನ ಬಾಗಿಲಿಗೆ ಜನ ಮಣ್ಣು ಹಾಕ್ತಾರೆ ಕಣಮ್ಮ. ಸೋಮವಾರ ಕೂತು ಮಾತಾಡೋಣ. ನಿನ್ನ ತಂಗಿಗೆ ಹೇಳಿದೆಯಾ?”

“ಇಲ್ಲ.”

“ಮೊದಲು ಅದನ್ನ ಮಾಡು.”

ಸ್ಟುಡಿಯೋದಲ್ಲಿ ಗಿರಾಕಿಗಳಿರಲಿಲ್ಲ. ಬಿಳಿ ಕೊಡೆಯ ದೀಪಗಳು ಆರಿದ್ದವು. ನೀಲಿ ಪರದೆಯ ಪಕ್ಕ, ಬಂದವರು ಫೋಟೊಗೆ ಹಾಕಿಕೊಳ್ಳಲೆಂದು ಒಂದು ಕಪ್ಪು ಕೋಟು. ಗೋಡೆಯ ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ. ತಂಗಿ ಕಂಪ್ಯೂಟರಿನ ಮುಂದಿದ್ದಳು. ಪರದೆಯ ತುಂಬ ಯಾರೋ ಹೆಂಗಸಿನ ಗಲ್ಲ. ಅದರ ಮೇಲಿನ ಕೂದಲನ್ನು ಒಂದೊಂದಾಗಿ ಅಳಿಸುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು. ಹಗಲು ಹೊತ್ತಿನಲ್ಲಿ ನಾನು ಅಲ್ಲಿಗೆ ಹೋದದ್ದೇ ಇಲ್ಲ.

ಎರಡು ಕಾಗದಗಳನ್ನು ಅವಳ ಮುಂದಿಟ್ಟೆ.

“ಯಾವುದು ನಂದು?”

“ಎರಡೂ.”

ಅವಳು ಎರಡನ್ನೂ ಓದಿದಳು. ಫೋಟೊ ನೋಡುವ ಹಾಗೆ, ಮೂಲೆಯಿಂದ ಮೂಲೆಗೆ. ನಾನು ಹೇಳತೊಡಗಿದೆ. “ನಮ್ಮ ಲ್ಯಾಬಲ್ಲಿ ಒಂದು ತಪ್ಪಾಯ್ತು.”

“ಆಯ್ತಾ, ಮಾಡಿದ್ರಾ?”

“ಮಾಡಿದ್ದು.”

“ಯಾರು?”

“ನಾನು.”

ಆಮೇಲೆ ಹೇಳುವುದು ಸುಲಭವಾಯಿತು. ಇಪ್ಪತ್ತು ಜನ, ಐದನೆಯ ಪ್ರಶ್ನೆ, ಶನಿವಾರ ಮಧ್ಯಾಹ್ನ, ಎಂಬತ್ತೈದು. ಈ ಚುಕ್ಕಿಗಳಿಂದಲೇ ಎಲ್ಲ ತೀರ್ಮಾನವಾಗುವುದಿಲ್ಲ, ಡಾಕ್ಟರು ನೋಡಬೇಕು, ಸ್ಕ್ಯಾನ್ ಮಾಡಬೇಕು, ಆದರೆ ನೋಡಲೇಬೇಕಾದಷ್ಟು ಇದೆ, ಏಳು ವರ್ಷದ ಹಿಂದೆಯೇ ಇತ್ತು ಎಂದೆ.

“ಆ ಪಟ್ಟೀಲಿ ನಾನಿದ್ನಲ್ಲ?”

“ಏಳನೇ ಹೆಸರು.”

“ಮುಂದೆ ಏನಂತ ಬರೆದಿದ್ದೆ?”

“ಆರೋಗ್ಯವಂತೆ ಅಂತ.”

ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. “ಅಂದ್ರೆ ನನ್ನನ್ನ ನನ್ನ ಜೊತೇಲೇ ನಿಲ್ಲಿಸಿ ಅಳೆದು, ಸರಿಯಾಗೇ ಇದೀಯ ಹೋಗು ಅಂದ್ರಿ.”

“ಹೌದು.”

“ಫ್ರಿಜ್ಜಿಗೆ ಬೇರೆ ಅಂಟಿಸಿದ್ದೆ.”

“ತೆಗೆದೆ.”

“ಯಾವಾಗ?”

“ಇವತ್ತು ಬೆಳಿಗ್ಗೆ.”

“ನೀರು ಕುಡಿಯೋಕೆ ಬಾಗಿಲು ತೆಗೆದಾಗೆಲ್ಲ ಓದಿದೀನಿ ಅಕ್ಕ. ಎರಡು ವರ್ಷ. ನೀನು ಬೈದಿದ್ದಕ್ಕೆ ಬೇಜಾರಿಲ್ಲ, ನೀನು ಬೈಯ್ಯೋದೇ ಹಾಗೆ. ಆದ್ರೆ ನಾನೂ ಅದನ್ನ ನಂಬಿದ್ದೆ. ಹೊಟ್ಟೆಗೆ ಹಾಕದೆ ಮಲಗಿದೀನಿ. ಅಷ್ಟಾದ್ರೂ ತೂಕ ಇಳೀದೆ ಇದ್ದಾಗ, ನಾನು ಎಂಥ ದರಿದ್ರದವಳು ಅಂತ ನಂಗೆ ನಾನೇ ಬೈಕೊಂಡಿದೀನಿ.”

ನನಗೆ ನಾಚಿಕೆಯಾಯಿತು. ತಪ್ಪಾಯಿತು ಕಣೆ ಎಂದೆ. ಈ ಮಾತನ್ನು ಅವಳಿಗೆ ನಾನು ಹಿಂದೆ ಯಾವತ್ತಾದರೂ ಹೇಳಿದ್ದೆನೋ ಎಂದು ಯೋಚಿಸಿದೆ, ನೆನಪಾಗಲಿಲ್ಲ.

ಅವಳು ಮೂಗು ಒರೆಸಿಕೊಂಡಳು. “ನಿಂದೆಷ್ಟಿತ್ತು?”

“ಏನು?”

“ಪಟ್ಟೀಲಿ. ನಿನ್ನ ನಂಬರು.”

“ಎಂಬತ್ತೊಂದು. ಇಪ್ಪತ್ತು ಜನರಲ್ಲೂ ನಂದೇ ಹೆಚ್ಚು.”

ಅವಳು ಮೊದಲ ಸಲ ನನ್ನನ್ನು ಪೂರ್ತಿ ತಿರುಗಿ ನೋಡಿದಳು. ಗಲ್ಲ, ಕತ್ತು, ಊದಿಕೊಂಡ ಕಾಲು. ನಿಂತ ಕೆಲಸಕ್ಕೆ ಕಾಲು ಊದಿದೆ ಎಂದು ನಾನೂ ನಂಬಿದ್ದೆ.

“ನಿಂಗೂ ಇದೆ,” ಎಂದಳು.

“ಇರಬೇಕು.”

“ಇಟ್ಕೊಂಡು ನಂಗೆ ಬೈತಿದ್ದೆ.”

“ಹೌದು.”

“ಚಿಕ್ಕಮ್ಮ ಕೇಳಿದ್ರೆ ಏನಂತಾಳೆ ಗೊತ್ತಾ?”

ಗೊತ್ತಿತ್ತು. ಮನೆಯ ದೀಪ ಎಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಡುತ್ತದೆಯೇ ಎನ್ನುತ್ತಾಳೆ. ನಮ್ಮ ಮನೆಯ ಹೆಂಗಸರ ವಿಷಯದಲ್ಲಿ ಆ ಗಾದೆ ಅವಳಿಗೆ ಬಹಳ ಇಷ್ಟ. ಇಬ್ಬರಿಗೂ ಒಟ್ಟಿಗೆ ನಗು ಬಂತು, ಬೇಗ ನಿಂತೂ ಹೋಯಿತು.

“ಗುರುವಾರ ನಾಲ್ಕು ಗಂಟೆಗೆ ಹೆಂಗಸರ ಡಾಕ್ಟರ ಹತ್ರ ಇಬ್ಬರ ಹೆಸರೂ ಬರೆಸ್ತೀನಿ,” ಎಂದೆ.

“ನಿನ್ನ ಹೆಸರು ಬರೆಸ್ಕೋ. ನನ್ನ ಹೆಸರು ನಾನೇ ಬರೆಸ್ಕೊಳ್ತೀನಿ.” ಎರಡು ಕಾಗದಗಳನ್ನೂ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಚುಕ್ಕಿ ಇಲ್ಲದ್ದನ್ನೂ ಬಿಡಲಿಲ್ಲ. “ನನ್ನ ಥರ ಇನ್ನೂ ಎಷ್ಟು ಜನ ಇದಾರೆ?”

“ಮುನ್ನೂರ ಎಂಬತ್ತಾರು. ನಿನ್ನನ್ನೂ ಸೇರಿಸಿ.”

“ಅವರಿಗೆಲ್ಲ ಹೇಳಿದ್ರಾ?”

“ಡಾಕ್ಟರು ಸೋಮವಾರ ನೋಡೋಣ ಅಂದಿದಾರೆ.”

“ಸೋಮವಾರ ಗೀಮವಾರ ಅನ್ಬೇಡ. ಅವರ ಮನೇಲೂ ನಿನ್ನಂಥ ಅಕ್ಕಂದಿರು ಇರ್ತಾರೆ. ಹೋಗಿ ಫೋನ್ ಮಾಡು.”

ಇಷ್ಟು ಹೇಳಿ ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ನಾನು ಬಾಗಿಲ ಹತ್ತಿರ ಹೋದಾಗಲೂ ತಿರುಗಿ ನೋಡಲಿಲ್ಲ.

ಲ್ಯಾಬಿಗೆ ಬಂದಾಗ ಎರಡು ಗಂಟೆ. ಶನಿವಾರ ನಾವು ಒಂದಕ್ಕೆ ಮುಚ್ಚುತ್ತೇವೆ. ಆದರೆ ಬಾಗಿಲು ತೆರೆದಿತ್ತು. ದೊಡ್ಡ ಡಾಕ್ಟರು ನೆಕ್ಸ್ಟ್‌ಳ ಕುರ್ಚಿಯಲ್ಲಿ, ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತಿದ್ದರು.

“ಏನಂದ್ಲು?” ಎಂದು ಕೇಳಿದರು.

“ಸೋಮವಾರ ಗೀಮವಾರ ಅನ್ಬೇಡ ಅಂದ್ಲು ಸರ್.”

ಅವರು ಪಟ್ಟಿಯನ್ನು ಎರಡು ಭಾಗ ಮಾಡಿ ಒಂದನ್ನು ನನ್ನ ಕಡೆ ತಳ್ಳಿದರು. ತಮ್ಮ ಭಾಗ ತೆಗೆದುಕೊಂಡು ಒಳಗೆ ಹೋಗಿ ಫೋನ್ ತೆಗೆದರು. ಬಾಗಿಲ ಸಂದಿಯಿಂದ, “ನಮಸ್ಕಾರಮ್ಮ, ತಪ್ಪೊಪ್ಪಿಗೆಗೆ ಫೋನ್ ಮಾಡಿದೀನಿ,” ಎಂಬ ಅವರ ದನಿ ಕೇಳಿಸಿತು.

ನನ್ನ ಭಾಗದ ಮೊದಲ ಹೆಂಗಸು ಐದು ವರ್ಷದ ಹಿಂದೆ ಬಂದವಳು. ಅವಳ ಟೆಸ್ಟೋಸ್ಟೆರಾನು ಅರವತ್ತೆಂಟು. ಮುಖ ನೆನಪಿರಲಿಲ್ಲ. ನಂಬರು ಒತ್ತಿದೆ. ನಾಲ್ಕು ಸಲ ರಿಂಗಾದ ಮೇಲೆ ತೆಗೆದಳು. ದನಿಯಲ್ಲಿ ನಿದ್ದೆ ಇತ್ತು.

ಯಾವ ಲ್ಯಾಬು ಎಂದು ಹೇಳಿದೆ. ಅವತ್ತು ಕೊಟ್ಟ ರಿಪೋರ್ಟಿನಲ್ಲಿ ಸಂಖ್ಯೆ ಸರಿಯಿತ್ತು, ಪಕ್ಕದ ಮಿತಿ ತಪ್ಪಿತ್ತು ಎಂದೆ. ಅವಳ ಹಿಂದಿನಿಂದ ಇನ್ನೊಂದು ದನಿ ಬಂತು, ಜೋರಾಗಿ: “ಯಾರೇ ಅದು ಫೋನಲ್ಲಿ? ಹಗಲು ಹೊತ್ತಲ್ಲೂ ಬಿದ್ಕೊಂಡೇ ಇರು ನೀನು! ಎದ್ದು ನಾಲ್ಕು ಹೆಜ್ಜೆ ಓಡಾಡು ಅಂದ್ರೆ ಮೈಯೆಲ್ಲ ನೋವಂತೆ, ನೋವು!”

ಆ ದನಿಯ ಏರಿಳಿತ ನನಗೆ ಚೆನ್ನಾಗಿ ಪರಿಚಯವಿತ್ತು. ವಾರಕ್ಕೆರಡು ಸಲ ನನ್ನ ಬಾಯಿಂದಲೇ ಕೇಳಿದ್ದೆ.

“ಹಿಂದೆ ಮಾತಾಡ್ತಿರೋರು ಯಾರಮ್ಮ?” ಎಂದೆ.

“ನಮ್ಮಮ್ಮ,” ಎಂದಳು, ಮೆಲ್ಲಗೆ. “ನೀವು ಹೇಳಿ ಮೇಡಂ, ಅವರದ್ದು ದಿನಾ ಇದ್ದಿದ್ದೇ.”

“ನಿಮಗೆ ಒಪ್ಪಿಗೆ ಇದ್ರೆ ಸ್ಪೀಕರ್ ಹಾಕಿ. ಅವರೂ ಕೇಳಲಿ.”

ಆಮೇಲೆ ಫೋನಿನಲ್ಲಿ ಒಂದು ಕೋಣೆಯ ಸದ್ದು ತೆರೆದುಕೊಂಡಿತು. ನಲ್ಲಿಯ ನೀರು, ಪಾತ್ರೆ, “ಏನಂತೆ?” ಎಂಬ ಆ ದನಿ.

ನಾನು ಮೊದಲಿಂದ ಶುರುಮಾಡಿದೆ.